ಹದಿನೇಳನೆಯ ಮನೆಯ ಲೋಟ

ಕಟ್ಟಿನಮಕ್ಕಿ ಸರಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ 'ಎ' ವಿಭಾಗಕ್ಕೂ 'ಬಿ' ವಿಭಾಗಕ್ಕೂ ನಡುವೆ ಗೋಡೆ ಇಲ್ಲ, ಒಂದು ಪ್ಲೈವುಡ್ ಹಲಗೆ ಇದೆ. ಮಂಜೂರಾದ ಗೋಡೆಯನ್ನು ಆಗಲೇ ಕಟ್ಟಿಬಿಟ್ಟಿದ್ದರೆ ರಾಜೇಂದ್ರ ಮಾಸ್ಟರು ಇವತ್ತಿಗೂ ನೆಮ್ಮದಿಯ ಮನುಷ್ಯರಾಗಿ ಉಳಿದಿರುತ್ತಿದ್ದರು. ಆ ಹಲಗೆಯದು ಒಂದು ವಿಚಿತ್ರ ಗುಣ. ಅದರಲ್ಲಿ ಮಾತು ದಾಟುವುದಿಲ್ಲ, ಚಪ್ಪಾಳೆ ದಾಟುತ್ತದೆ.

ಹಲಗೆಯ ಈಚೆ ರಾಜೇಂದ್ರ ಮಾಸ್ಟರು, ಆಚೆ ವಿನಯಾ ಟೀಚರು. ಇಬ್ಬರದೂ ಸಮಾಜ ವಿಜ್ಞಾನ. ಮಾಸ್ಟರು ಇಪ್ಪತ್ತನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು 'ವೈವಿಧ್ಯ, ಸಮಾನತೆ ಮತ್ತು ತಾರತಮ್ಯ' ಎಂಬ ಪಾಠವನ್ನು ನಲವತ್ತು ನಿಮಿಷದಲ್ಲಿ ಬರೆಸಿ ಮುಗಿಸುತ್ತಿದ್ದರು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. "ಒಬ್ಬ ವ್ಯಕ್ತಿಯನ್ನು ಆತನ ಜಾತಿ, ಮತ, ಭಾಷೆ ಅಥವಾ ಕಸುಬಿನ ಕಾರಣದಿಂದ ಬೇರೆಯಾಗಿ ನಡೆಸಿಕೊಳ್ಳುವುದೇ ತಾರತಮ್ಯ, ಪೂರ್ಣವಿರಾಮ." ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಬಾಯಿಪಾಠ ಒಪ್ಪಿಸುವಾಗ ಪೂರ್ಣವಿರಾಮವನ್ನೂ ಬಾಯಲ್ಲೇ ಹೇಳುತ್ತಿದ್ದರು. ಅದು ತಮ್ಮ ಪಾಠ ಮಕ್ಕಳ ತಲೆಗೆ ಪೂರ್ತಿ ಇಳಿದಿದೆ ಎಂಬುದರ ಗುರುತು ಎಂದು ಮಾಸ್ಟರು ನಂಬಿದ್ದರು.

ವಿನಯಾ ಟೀಚರು ಬೈಂದೂರಿನ ಕಡೆಯವರು. ಈ ಶಾಲೆಗೆ ಬಂದು ಆರು ವರ್ಷವಾಯಿತು. ಅವರು ಇದೇ ಪಾಠಕ್ಕೆ ಪುಸ್ತಕವನ್ನೇ ತೆರೆಯಲಿಲ್ಲ. "ನಿಮ್ಮ ನಿಮ್ಮ ಮನೆಯಲ್ಲಿ ಗಂಜಿಗೆ ಏನು ಹೇಳ್ತಾರೆ?" ಎಂದು ಕೇಳಿದರಂತೆ. ಕೊಂಕಣಿ ಮನೆಯ ಹುಡುಗಿ ಪೇಜ್ ಎಂದಳು, ಬ್ಯಾರಿ ಮನೆಯ ಹುಡುಗ ಕಂಞಿ ಎಂದ. ಕೊಪ್ಪಳದಿಂದ ಕಲ್ಲುಕೋರೆಯ ಕೆಲಸಕ್ಕೆ ಬಂದವರ ಮಗ ಎದ್ದು, "ನಮ್ ಕಡೆ ಗಂಜಿ ಜ್ವರ ಬಂದವ್ರಿಗೆ ರೀ ಟೀಚರ್, ನೀವು ದಿನಾ ಉಣ್ತೀರಿ, ನಿಮಗ್ ಏನ್ ರೋಗ?" ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು.

ಮಾಸ್ಟರಿಗೆ ಕೇಳಿಸಿದ್ದು ಆ ಚಪ್ಪಾಳೆ ಮಾತ್ರ. ಅವರು ಆ ಹೊತ್ತಿಗೆ 'ಕಸುಬಿನ ಕಾರಣದಿಂದ' ಎಂಬಲ್ಲಿದ್ದರು. ಅಲ್ಲೇ ನಿಂತುಬಿಟ್ಟರು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರ ತರಗತಿಯಲ್ಲಿ ಚಪ್ಪಾಳೆ ಕೇಳಿಸಿದ್ದು ಒಂದೇ ಸಲ. ಅದೂ ನಾಳೆ ರಜೆ ಎಂದು ಅವರು ಓದಿ ಹೇಳಿದ ದಿನ.

ಹೀಗೇ ಬಿಟ್ಟಿದ್ದರೆ ಹೊಟ್ಟೆಯೊಳಗಿನ ಬೆಂಕಿ ಹೊಟ್ಟೆಯೊಳಗೇ ಆರುತ್ತಿತ್ತು. ಆದರೆ ಸೋಮವಾರ ಮುಖ್ಯೋಪಾಧ್ಯಾಯಿನಿ ಶ್ರೀಲತಾ ಮೇಡಂ ಇಬ್ಬರನ್ನೂ ಕರೆದು, ಕುಂದಾಪುರದಲ್ಲಿ ತಾಲೂಕು ಮಟ್ಟದ ಕಾರ್ಯಾಗಾರವಿದೆ, ಇದೇ ಪಾಠದ ಮೇಲೆ ನಮ್ಮ ಶಾಲೆಯಿಂದ ಒಬ್ಬರು ಮಾದರಿ ಪಾಠ ಮಾಡಬೇಕು ಎಂದರು.

"ಯಾರು ಅಂತ ನಾನು ಹೇಳುದಿಲ್ಲ. ಶುಕ್ರವಾರ ಅಧಿಕಾರಿಗಳು ಬರ್ತಾರೆ. ಇಬ್ಬರೂ ಮಕ್ಕಳ ಕೈಯಲ್ಲಿ ಒಂದೊಂದು ಚಟುವಟಿಕೆ ಮಾಡಿಸಿ ತೋರಿಸಿ. ಅವರೇ ಆರಿಸಲಿ."

"ರಾಜೇಂದ್ರ ಸರ್ ಸೀನಿಯರು, ಅವರೇ ಹೋಗಲಿ ಮೇಡಂ," ಎಂದರು ವಿನಯಾ ಟೀಚರು.

ಮಾಸ್ಟರಿಗೆ ಮೈ ಉರಿದುಹೋಯಿತು. ಗೆಲ್ಲುವ ಭರವಸೆ ಇದ್ದವರು ಮಾತ್ರ ಹೀಗೆ ಬಿಟ್ಟುಕೊಡುವ ಮಾತಾಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ತಾವೂ ಹಾಗೆ ಎಷ್ಟೋ ಸಲ ಮಾತಾಡಿದ್ದುಂಟು.

ಮಂಗಳವಾರ ಬೆಳಗಾಗುವುದರೊಳಗೆ ಮಾಸ್ಟರಿಗೆ ಉಪಾಯ ಹೊಳೆದಿತ್ತು. ಗಂಜಿಯಂತೆ ಗಂಜಿ! ತಾವು ಮಾಡಿಸುವುದು ಲೋಟ ಸಮೀಕ್ಷೆ. ಮಕ್ಕಳು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ನೀರು ಕೇಳಬೇಕು. ಆ ಮನೆಯಲ್ಲಿ ನೆಂಟರಿಗೆ ಯಾವ ಲೋಟ, ಕೆಲಸದವರಿಗೆ ಯಾವ ಲೋಟ, ಆ ಲೋಟ ಇಡುವುದೆಲ್ಲಿ, ಅದರ ಮೇಲೆ ಏನು ಗುರುತು ಎಂದು ನೋಡಿ ಬರೆಯಬೇಕು. ನಮ್ಮ ಊರಿನಲ್ಲಿ ತಾರತಮ್ಯ ಉಂಟೋ ಇಲ್ಲವೋ ಎಂಬುದು ಅಂಕಿಅಂಶಗಳ ಸಮೇತ ಸಾಬೀತಾಗಬೇಕು.

"ಕಂಡದ್ದನ್ನು ಕಂಡ ಹಾಗೆ ಬರೆಯಿರಿ," ಎಂದು ಮಾಸ್ಟರು ಮೇಜು ಕುಟ್ಟಿದರು. "ಒಂದು ಮನೆಯನ್ನೂ ಬಿಡುವ ಹಾಗಿಲ್ಲ. ಯಾರ ದಾಕ್ಷಿಣ್ಯಕ್ಕೂ ಬೀಳುವ ಹಾಗಿಲ್ಲ."

"ಹೌದ್ ಸರ್," ಎಂದಳು ಮೊದಲ ಬೆಂಚಿನ ಅನಿಷಾ. ಅನಿಷಾ ಎಂದರೆ ಮೀನು ಮಾರುವ ಬಾಗಿಯ ಮೊಮ್ಮಗಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಇಂಥ ಮಕ್ಕಳಿಂದ ಶಿಕ್ಷಕರಿಗೆ ಎಷ್ಟು ಸಂತೋಷವೋ ಅಷ್ಟೇ ಅಪಾಯ.

ವಿಷಯ ತಿಳಿದ ವಿನಯಾ ಟೀಚರು ಜಗಲಿಯಲ್ಲಿ ಸಿಕ್ಕಿ, "ತುಂಬಾ ಒಳ್ಳೆ ಯೋಚನೆ ಸರ್. ಇದಕ್ಕೆ ಧೈರ್ಯ ಬೇಕು," ಎಂದರು. ಇದರಲ್ಲಿ ಧೈರ್ಯದ ಮಾತೇನು ಬಂತು ಎಂದು ಮಾಸ್ಟರಿಗೆ ಅರ್ಥವಾಗಲಿಲ್ಲ. ಹೊಟ್ಟೆಕಿಚ್ಚಿನಿಂದ ಆಡಿದ ಮಾತಿರಬೇಕು ಎಂದು ತಿಳಿದು ಖುಷಿಪಟ್ಟರು.

ಬುಧವಾರ ಮಾಸ್ಟರು ಏಳೂವರೆಗೇ ಶಾಲೆಗೆ ಹೋದರು. ಕಾರಣ, 'ಬಿ' ವಿಭಾಗದ ಬೋರ್ಡಿನ ಮೇಲೆ ವಿನಯಾ ಟೀಚರು ಏನಾದರೂ ಬರೆದಿಟ್ಟಿದ್ದಾರೋ ಎಂದು ಯಾರೂ ಬರುವ ಮೊದಲು ನೋಡಬೇಕಿತ್ತು. ಬೋರ್ಡಿನ ಮೇಲೆ 'ದಯವಿಟ್ಟು ಒರೆಸಬೇಡಿ' ಎಂದಷ್ಟೇ ಇತ್ತು. ಏನನ್ನು ಒರೆಸಬಾರದು ಎಂದು ಅವರು ಒಂದು ಗಂಟೆ ಹುಡುಕಿದರು. ಅತ್ತ ಅದೇ ಹೊತ್ತಿಗೆ ಅವರ ಮನೆಯ ಗೇಟು ಕಿರ್ರೆಂದಿತ್ತು.

ಸಂಜೆ ಚಹಾ ತಂದಿಟ್ಟ ಹೆಂಡತಿ ಜಲಜ ಸಹಜವಾಗಿ ಸುದ್ದಿ ಹೇಳಿದಳು.

"ಹ್ವಾಯ್, ನಿಮ್ ಶಾಲಿ ಮಕ್ಕಳ್ ಬಂದಿದ್ರಪ. ನೀರ್ ಕೊಡಿ ಅಂದೋ. ಬೆಲ್ಲ ನೀರ್ ಕೊಟ್ಟೆ. ಪಾಪ, ಬಿಸಲಂಗೆ ಬಂದಿದೋ."

"ನಮ್ಮನೀಗಾ?" ಮಾಸ್ಟರ ಕೈಯ ಚಕ್ಕುಲಿ ಅರ್ಧದಲ್ಲೇ ನಿಂತಿತು.

ಊರಿನ ನಲವತ್ತಾರು ಮನೆಗಳನ್ನು ಪಟ್ಟಿ ಮಾಡಿ ಹಂಚಿದವರು ಅವರೇ. ಆದರೆ ತಮ್ಮದೂ ಒಂದು ಮನೆ ಎಂದು ಅವರಿಗೆ ತೋಚಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಮಾಸ್ಟರ ಮನೆ, ಸಮೀಕ್ಷೆ ಹೊರಡುವ ಜಾಗ.

"ಅಷ್ಟೊತ್ತಿಗ್ ಬಾಗಿ ಮೀನ್ ತಕಂಡ್ ಬಂದಿದ್ಳ್. ಅವ್ಳೂ ನೀರ್ ಕೇಂಡ್ಳ್. ಕೊಟ್ಟೆ. ಆ ಹುಡ್ಗಿ ಅದ್ನೂ ಕಂಡ್ಕಂಡ್ ಬರ್ಕಂತಿತ್ತ್."

"ಯಾವ ಲೋಟದಂಗ್ ಕೊಟ್ಟೆ?"

"ಯಾವುದ್ರಲ್? ಹೊರ್ಗಿನ ನಳ್ಳಿ ಹತ್ರ ಇಪ್ಪುದಲ್ದಾ, ಅದ್ರಂಗೆ. ಆ ಹುಡ್ಗಿ ಎಂತಕೆ ಅಂತ ಕೇಂತ್. ಮೀನ್ ವಾಸ್ನಿ ಮಗಾ ಅಂದೆ. 'ಮೀನ್ ಎಲ್ಲಿಗ್ ಹೋತ್ ಅಮ್ಮ?' ಅಂತ್. ಒಳ್ಗೆ ಅಂದೆ. ಬರ್ಕಂತ್. ಎಂತ ಬರ್ಕಂಬುಕಿತ್ತೋ ಅದ್ರಂಗೆ!"

ಆ ಲೋಟದ ಹಿಂದಿನ ಕಥೆ ಈಗ ಹೇಳಲೇಬೇಕು. ನಾಲ್ಕು ವರ್ಷದ ಕೆಳಗೆ ವಿನಯಾ ಟೀಚರು ಕೋಟದಲ್ಲಿ ಹೊಸ ಮನೆ ಕಟ್ಟಿ ಒಕ್ಕಲಾದಾಗ ಬಂದವರಿಗೆಲ್ಲ ಒಂದೊಂದು ಸ್ಟೀಲ್ ಲೋಟ ಕೊಟ್ಟಿದ್ದರು. ಅದರ ಮೇಲೆ ತಮ್ಮ ಮತ್ತು ಗಂಡನ ಹೆಸರನ್ನು ಕೆತ್ತಿಸಿದ್ದರು: 'ವಿನಯಾ - ರತೀಶ್, ಗೃಹಪ್ರವೇಶ'. ಮಾಸ್ಟರ ಮನೆಯ ಮೇಲಿನ ಮಹಡಿ ಆಗ ಕಂಬಿ ನಿಂತಲ್ಲಿಗೇ ನಿಂತಿತ್ತು, ಈಗಲೂ ಹಾಗೇ ನಿಂತಿದೆ. ಅವರು ಊಟ ಮುಗಿಸಿ ಬಂದವರೇ ಲೋಟವನ್ನು ಮೆಟ್ಟಿಲ ಮೇಲೆ ಕುಕ್ಕಿ, "ಈ ಲೋಟ ನಮ್ಮ ಅಡಿಗೆಮನೆಯ ಹೊಸ್ತಿಲು ದಾಟಬಾರದು," ಎಂದು ಅಪ್ಪಣೆ ಮಾಡಿದ್ದರು. ಬೆಳಿಗ್ಗೆ ಎದ್ದು ಕಾಫಿಯ ಜೊತೆಗೆ ಆ ಹೆಸರು ಓದುವುದು ಅವರಿಂದ ಸಾಧ್ಯವಿರಲಿಲ್ಲ. ಜಲಜ ಅದನ್ನು ಹೊರಗಿನ ನಳ್ಳಿಯ ಕಟ್ಟೆಯ ಮೇಲೆ ಕವುಚಿಟ್ಟಳು. ಅಂದಿನಿಂದ ಬಾಗಿ ನೀರು ಕುಡಿಯುವುದು ಅದರಲ್ಲಿ.

"ನಾಳೆಯಿಂದ ಬಾಗಿಯನ್ನು ಒಳಗೇ ಕೂರಿಸಿ ನೀರು ಕೊಡು, ಆ ಲೋಟ ಹೊರಗೆ ಇಡುವ ಹಾಗಿಲ್ಲ," ಎಂದರು ಮಾಸ್ಟರು.

ಜಲಜ ಗಂಡನ ಹಣೆ ಮುಟ್ಟಿ ನೋಡಿದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಾಗಿ ಬುಟ್ಟಿ ಇಳಿಸುವ ಹೊತ್ತಿಗೆ ಮಾಸ್ಟರೇ ಬಾಗಿಲಲ್ಲಿ ನಿಂತಿದ್ದರು. ಬಾಗಿಗೆ ಅರವತ್ತು ದಾಟಿತ್ತು. ಮಾಸ್ಟರು ಅಂಗಿಯ ಗುಂಡಿ ತಾವೇ ಹಾಕಿಕೊಳ್ಳಲು ಕಲಿಯುವ ಮೊದಲಿನಿಂದ ಅವಳು ಆ ಮನೆಗೆ ಮೀನು ತರುತ್ತಿದ್ದಳು. ಅವರು ಅವಳನ್ನು 'ಬಾಗಿ' ಎಂದಷ್ಟೇ ಕರೆದು ಅಭ್ಯಾಸ.

"ಬನ್ನಿ ಬಾಗಿಯಮ್ಮ, ಒಳ್ಗ್ ಬನ್ನಿ."

ಬಾಗಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಯಾರಿಗ್ ಎಂತ ಆಯ್ತ್ ಮಾಷ್ಟ್ರೆ? ಜಲಜಮ್ಮ ಹುಷಾರಿದ್ರಾ?"

"ಎಲ್ಲ ಹುಷಾರ್. ಬನ್ನಿ, ಸೋಫಾದ್ ಮೇಲ್ ಕೂಕಣಿ."

"ನಿನ್ನಿ ಬಂಗುಡಿ ಮೀನ್ ಹಾಳಾಯಿತ್ತಾ? ಹಾಳಾದ್ರ್ ಹಾಳಾಯಿತ್ತ್ ಅಂತ ಬೈನಿ ಮಾಷ್ಟ್ರೆ. ಈ ನಮೂನಿ ಮಾತಾಡ್ಬೇಡಿ, ನಂಗ್ ಹೆದ್ರಿಕಿ ಆತ್ತ್."

ಕೊನೆಗೂ ಅವಳು ಸೋಫಾದ ತುದಿಯಲ್ಲಿ, ಒಂದು ಬೆರಳಿನಷ್ಟು ಜಾಗದಲ್ಲಿ ಕೂತಳು. ಜಲಜ ಮನೆಯ ಲೋಟದಲ್ಲಿ ನೀರು ತಂದುಕೊಟ್ಟಳು. ಬಾಗಿ ರೂಢಿಯಂತೆ ಲೋಟವನ್ನು ತುಟಿಗೆ ಮುಟ್ಟಿಸದೆ ಎತ್ತಿ ಬಾಯಿಗೆ ಹೊಯ್ದುಕೊಂಡಳು. ಅರ್ಧ ನೀರು ಸೋಫಾಕ್ಕೆ ಹೋಯಿತು.

"ಕಚ್ಚಿ ಕುಡೀನಿ, ಕಚ್ಚಿ ಕುಡೀನಿ!" ಎಂದು ಮಾಸ್ಟರು ತುಟಿಗೆ ಕೈ ಮುಟ್ಟಿಸಿ ತೋರಿಸುತ್ತ ಕೂಗಿದರು.

ಆ ಕೂಗಿಗೆ ಪಕ್ಕದ ಮನೆಯ ವನಜಕ್ಕ ಕಾಂಪೌಂಡಿನ ಮೇಲೆ ಮುಖ ಇಟ್ಟಳು. ವನಜಕ್ಕ ಕಂಡದ್ದನ್ನು ಕಂಡ ಹಾಗೆ ಹೇಳುವವಳಲ್ಲ, ತನಗೆ ಅರ್ಥವಾದ ಹಾಗೆ ಹೇಳುವವಳು. ಈ ಊರಿನಲ್ಲಿ ಕಾರಣವಿಲ್ಲದೆ ಒಬ್ಬರನ್ನು ಕರೆದು ಸೋಫಾದ ಮೇಲೆ ಕೂರಿಸುವುದು ಯಾವಾಗ? ಪಂಚಾಯತಿ ಚುನಾವಣೆ ಬಂದಾಗ. ವಾರ್ಡಿನ ಸೀಟು ಯಾರಿಗೆ ಮೀಸಲು? ಮಹಿಳೆಗೆ. ಅಂದ ಮೇಲೆ ಜಲಜ ನಿಲ್ಲುವುದು ಖಂಡಿತ. ಒಂಬತ್ತು ಗಂಟೆಯೊಳಗೆ ಸುದ್ದಿ ತೆಕ್ಕಟ್ಟೆಯ ಬಸ್‌ಸ್ಟಾಪಿಗೆ ಮುಟ್ಟಿತು.

ಇತ್ತ ಶಾಲೆಯಲ್ಲಿ ಮಾಸ್ಟರು, ತಮ್ಮ ಮನೆಗೆ ಬಂದು ಬರೆದುಕೊಂಡು ಹೋದ ಅನಿಷಾಳ ಚಾರ್ಟಿನ ಸುತ್ತ ಸುಳಿಯುತ್ತಿದ್ದರು.

"ಅನಿಷಾ, ಈ ಹದಿನೇಳನೆಯ ಮನೆ ಸ್ವಲ್ಪ ಅಸ್ಪಷ್ಟ ಇದ್ದ ಹಾಗೆ ಉಂಟಲ್ಲ?"

"ಇಲ್ಲ ಸರ್. ಸ್ಕೆಚ್ ಪೆನ್ನಂಗೆ ಬರ್ದದ್."

"ಅಲ್ಲ, ಜಾಗ ಸಾಲದಿದ್ದರೆ ಒಂದು ಮನೆ ಬಿಡಬಹುದು."

"ಒಂದ್ ಮನೆಯೂ ಬಿಡುವ ಹಾಗಿಲ್ಲ ಅಂದ್ರಲೆ ಸರ್, ಮೇಜ್ ಕುಟ್ಟಿ ಹೇಳಿದ್ರಿ."

ಮಾಸ್ಟರು ಹೊಸ ನಿಯಮ ತಂದರು. ಯಾರಿಗೂ ಅವಮಾನ ಆಗಬಾರದು, ಆದ್ದರಿಂದ ಚಾರ್ಟಿನಲ್ಲಿ ಮನೆಯವರ ಹೆಸರು ಬೇಡ, ನಂಬರ್ ಸಾಕು. ಅನಿಷಾ ಹೆಸರುಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸಿದಳು. ಮಾಸ್ಟರು ಮೊದಲ ಬಾರಿಗೆ ಸರಿಯಾಗಿ ಉಸಿರು ಬಿಟ್ಟರು. ಚಾರ್ಟನ್ನು ಪೂರ್ತಿ ಓದಿದ್ದರೆ ಆ ಉಸಿರು ಬಿಡುತ್ತಿರಲಿಲ್ಲ. ಆದರೆ ಹಲಗೆಯ ಆಚೆಯಿಂದ ಆಗ ಮತ್ತೆ ಚಪ್ಪಾಳೆ ಕೇಳಿಸಿತು, ಅವರ ಗಮನ ಅತ್ತ ಹೋಯಿತು.

ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ತಿಮ್ಮಣ್ಣ ಕೂತಿದ್ದ. ಹೋದ ಸಲ ಅವನೇ ವಾರ್ಡಿನ ಸದಸ್ಯ, ಈ ಸಲ ಹೆಂಡತಿ ಪದ್ದುವನ್ನು ನಿಲ್ಲಿಸಬೇಕೆಂದು ಎರಡು ವರ್ಷದಿಂದ ಎಲ್ಲರ ಮನೆಯ ಮದುವೆಗೂ ಹೋಗುತ್ತಿದ್ದವನು.

"ಅಲ್ಲ ಮಾಷ್ಟ್ರೆ, ಜಲಜಕ್ಕನ್ನ ನಿಲ್ಸುದಾರೆ ನಂಗೊಂದ್ ಮಾತ್ ಹೇಳುಕ್ ಆಗ್ದಾ? ಗುಟ್ಟಂಗೆ ಬಾಗಿನ್ ಕರ್ದ್ ಸೋಫಾದಂಗ್ ಕೂರ್ಸ್ಕಂಡ್..."

"ಎಂಥ ಎಲೆಕ್ಷನ್ ತಿಮ್ಮಣ್ಣ? ಅದು ಸಮಾನತೆ."

"ಎಲೆಕ್ಷನ್ ಹತ್ರ ಬಂದಾಗ ಎಲ್ರೂ ಅದ್ನೇ ಹೇಳುದ್ ಮಾಷ್ಟ್ರೆ. ನಾನೂ ಹೇಳಿದ್ದೆ."

"ನಂಗೆಂತ ಗೊತ್ತಿಲ್ಲೆ ಮಾರಾಯ್ರೆ," ಎಂದು ಜಲಜ ಒಳಗಿನಿಂದ ಕೂಗಿದಳು. "ಆದ್ರೆ ನಿತ್ರೂ ನಿಲ್ತೆ! ಈ ಮನಿಯಂಗ್ ಕೂಕಂಬುದ್ಕಿಂತ ಪಂಚಾಯ್ತಿಯಂಗ್ ಕೂಕಂಬುದ್ ಅಡ್ಡಿಲ್ಲೆ."

ತಿಮ್ಮಣ್ಣ ಬಿಳಿಚಿಕೊಂಡು ಎದ್ದು ಹೋದ.

ಹೊಟ್ಟೆಕಿಚ್ಚು ಅಂಟುರೋಗ. ಶುಕ್ರವಾರ ಬೆಳಿಗ್ಗೆ ತಿಮ್ಮಣ್ಣ ಬಾಗಿಯನ್ನು ರಸ್ತೆಯಲ್ಲೇ ತಡೆದು ಮನೆಯೊಳಗೆ ಕರೆದು ಬಾದಾಮಿ ಹಾಲು ಕೊಡಿಸಿದ. ಅದನ್ನು ಕಂಡ ವನಜಕ್ಕ, ತನ್ನ ಮನೆ ಯಾರಿಗೇನು ಕಡಿಮೆ ಎಂದು ತಾನೂ ಕರೆದು ಕೂರಿಸಿದಳು. ಹೀಗೆ ಮನೆಯಿಂದ ಮನೆಗೆ ಮರ್ಯಾದೆ ಹರಿದು, ಬಾಗಿ ಮಾಸ್ಟರ ಮನೆಗೆ ಮುಟ್ಟುವಾಗ ಹತ್ತು ಗಂಟೆ. ಬುಟ್ಟಿಯಲ್ಲಿ ಮೀನು ಹಾಗೇ ಇತ್ತು.

"ಸಾಕ್ ಅಮ್ಮ," ಎಂದಳಂತೆ ಜಲಜಳ ಹತ್ತಿರ. "ಒಂದೇ ದಿನದಂಗ್ ಆರ್ ಮನಿ ಸೋಫಾ ಆಯ್ತ್. ಮೀನ್ ಮಾತ್ರ ಒಬ್ರೂ ತಕಣ್ಲಿಲ್ಲೆ. ಕೂಕಣಿ ಕೂಕಣಿ ಅಂಬುದೇ ಆಯ್ತ್. ನನ್ನನ್ ಹಿಂದಿನಂಗೆ ಹೊರ್ಗೇ ಬಿಡಿ."

ಅಧಿಕಾರಿಗಳು ಹನ್ನೊಂದಕ್ಕೆ ಬಂದರು. ಒಬ್ಬರೇ, ತುಂಬಿದ ಮೈಯವರು, ಬೆವರು ಒರೆಸಿಕೊಳ್ಳುತ್ತ ಕೂತರು. ನಡುವಿನ ಹಲಗೆಯನ್ನು ತೆಗೆದು ಎರಡೂ ವಿಭಾಗವನ್ನು ಒಂದೇ ಕಡೆ ಕೂರಿಸಿದ್ದರು. ಮೊದಲು ವಿನಯಾ ಟೀಚರ ಮಕ್ಕಳು ಏಳು ಮನೆಮಾತುಗಳಲ್ಲಿ ಊಟಕ್ಕೆ ಕರೆಯುವುದು ಹೇಗೆ ಎಂದು ತೋರಿಸಿದರು. ಅಧಿಕಾರಿಗಳು ಹೊಟ್ಟೆ ಕುಣಿಸಿ ನಕ್ಕರು. ಮಾಸ್ಟರ ಎದೆಯಲ್ಲಿ ಒಂದು ಸೌದೆ ಹತ್ತಿಕೊಂಡಿತು. ಈ ಸಲ ಆ ನಗುವನ್ನು ಮರೆಮಾಡಲು ಹಲಗೆಯೂ ಇರಲಿಲ್ಲ.

ಆಮೇಲೆ ಲೋಟ ಸಮೀಕ್ಷೆ. ಅನಿಷಾ ಚಾರ್ಟು ಬಿಡಿಸಿದಳು. ನಲವತ್ತಾರು ಮನೆ. ಅದರಲ್ಲಿ ಬೇರೆ ಲೋಟ ಇಟ್ಟವರು ಮೂವತ್ತೊಂದು. ಅಧಿಕಾರಿಗಳು ಒರಗಿದವರು ನೆಟ್ಟಗಾದರು.

"ಮೂವತ್ತೊಂದು? ಒಂದು ಉದಾಹರಣೆ ಓದಮ್ಮ."

ಅನಿಷಾ ಗಂಟಲು ಸರಿಮಾಡಿಕೊಂಡು ಪುಸ್ತಕದ ಕನ್ನಡದಲ್ಲಿ ಓದಿದಳು.

"ಹದಿನೇಳನೆಯ ಮನೆ. ನಮಗೆ ಒಳಗಿನ ಲೋಟದಲ್ಲಿ ಬೆಲ್ಲ ನೀರು ಕೊಟ್ಟರು. ಮೀನು ಮಾರುವವರಿಗೆ ಹೊರಗಿನ ನಳ್ಳಿಯ ಹತ್ತಿರದ ಲೋಟದಲ್ಲಿ ಬರೀ ನೀರು ಕೊಟ್ಟರು. ಕಾರಣ, ಮೀನಿನ ವಾಸನೆ. ಕೊಂಡ ಮೀನು ಒಳಗೆ ಹೋಯಿತು, ಲೋಟ ಹೊರಗೆ ಉಳಿಯಿತು. ಲೋಟದ ಮೇಲಿನ ಗುರುತು: 'ವಿನಯಾ - ರತೀಶ್, ಗೃಹಪ್ರವೇಶ'."

ಅಧಿಕಾರಿಗಳು ನಿಧಾನಕ್ಕೆ ವಿನಯಾ ಟೀಚರ ಕಡೆಗೆ ತಿರುಗಿದರು.

"ಟೀಚರ್, ಇದು ನಿಮ್ಮ ಮನೆಯಾ?"

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಏಕೆಂದರೆ ರಾಜೇಂದ್ರ ಮಾಸ್ಟರ ಐವತ್ತೊಂದು ವರ್ಷದ ಬದುಕಿನಲ್ಲಿ ಇಂಥ ಸಿಹಿಯಾದ ಕ್ಷಣ ಬಂದಿರಲಿಲ್ಲ. ತಾವು ಏನೂ ಮಾಡಿಲ್ಲ, ಏನೂ ಹೇಳಿಲ್ಲ. ಸುಮ್ಮನೆ ಕೂತರೆ ಸಾಕು, ಕುಂದಾಪುರ ತಮ್ಮದು. ಆರು ವರ್ಷದ ಎಲ್ಲ ಚಪ್ಪಾಳೆಗೂ ಇವತ್ತೇ ಉತ್ತರ.

"ಲೋಟ ನನ್ನದೇ ಸರ್," ಎಂದರು ವಿನಯಾ ಟೀಚರು. ಮುಖ ಕೆಂಪಾಗಿತ್ತು. "ಮನೆ ನನ್ನದಲ್ಲ."

"ಲೋಟ ನಿಮ್ಮದು, ಮನೆ ನಿಮ್ಮದಲ್ಲ. ಹಾಗಾದರೆ ಲೋಟ ತಾನಾಗಿ ನಡೆದುಕೊಂಡು ಹೋಯಿತಾ?" ಅಧಿಕಾರಿಗಳ ದನಿ ಗಡುಸಾಯಿತು.

ಟೀಚರ ಕಣ್ಣಲ್ಲಿ ನೀರು ತುಂಬಿತು. ಆದರೂ ಅವರು ಯಾರ ಕಡೆಗೂ ನೋಡಲಿಲ್ಲ. ಎಷ್ಟೋ ಮನೆಗೆ ಹೋದ ಲೋಟ, ಯಾರ ಕಡೆ ನೋಡಬೇಕು ಎಂದು ಅವರಿಗೆ ಗೊತ್ತೂ ಇರಲಿಲ್ಲ. ಮಾಸ್ಟರ ಕಡೆ ನೋಡುತ್ತಿದ್ದವಳು ಅನಿಷಾ ಒಬ್ಬಳೇ. ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದವಳು ಅವಳು. ಸರ್ ಹೇಳಬೇಡ ಎಂದಿದ್ದಾರೆ, ಆದ್ದರಿಂದ ಅವಳು ಹೇಳುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಆದರೆ ನೋಡಬೇಡ ಎಂದು ಸರ್ ಹೇಳಿರಲಿಲ್ಲ.

ಮಾಸ್ಟರು ಎದ್ದು ನಿಂತರು. ಯಾರು ಎಬ್ಬಿಸಿದರೋ ಅವರಿಗೇ ಗೊತ್ತಾಗಲಿಲ್ಲ.

"ಸರ್, ಆ ಮನೆ ನನ್ನದು."

ಶ್ರೀಲತಾ ಮೇಡಂ ಕೈಯಲ್ಲಿದ್ದ ಹಾಜರಿ ಪುಸ್ತಕ ಕೆಳಗೆ ಬಿತ್ತು.

"ನಿಮ್ಮದಾ? ಸಮಾನತೆಯ ಪಾಠ ಮಾಡುವ ನೀವು..." ಅಧಿಕಾರಿಗಳು ಮಕ್ಕಳ ಕಡೆ ತಿರುಗಿದರು. "ತಾರತಮ್ಯ ಅಂದರೇನು ಮಕ್ಕಳೇ?"

'ಎ' ವಿಭಾಗದ ಮೂವತ್ತೆಂಟು ಮಕ್ಕಳು ಒಂದೇ ಉಸಿರಿಗೆ ಎದ್ದು ರಾಗವಾಗಿ ಹೇಳಿದರು: "ಒಬ್ಬ ವ್ಯಕ್ತಿಯನ್ನು ಆತನ ಜಾತಿ, ಮತ, ಭಾಷೆ ಅಥವಾ ಕಸುಬಿನ ಕಾರಣದಿಂದ ಬೇರೆಯಾಗಿ ನಡೆಸಿಕೊಳ್ಳುವುದೇ ತಾರತಮ್ಯ ಪೂರ್ಣವಿರಾಮ!"

"ಅಲ್ಲ ಸರ್, ಇದು ತಾರತಮ್ಯ ಅಲ್ಲ," ಎಂದು ಮಾಸ್ಟರು ಬೆವರಿದರು. "ಆ ಲೋಟ ಹೊರಗೆ ಇಟ್ಟದ್ದು ಬಾಗಿಗೋಸ್ಕರ ಅಲ್ಲ. ಅದು... ಅದು..."

"ಅದು?"

"ಹೊಟ್ಟೆಕಿಚ್ಚು ಸರ್."

"ಏನು?"

"ವಿನಯಾ ಟೀಚರ ಮೇಲೆ ಸರ್. ಅವರ ಮನೆ ಆಯಿತು, ನನ್ನ ಮಹಡಿ ಆಗಲಿಲ್ಲ. ಅವರ ಹೆಸರು ನೋಡಿಕೊಂಡು ಕಾಫಿ ಕುಡಿಯಲಿಕ್ಕೆ ನನ್ನಿಂದ ಆಗಲಿಲ್ಲ. ಅದಕ್ಕೇ ಹೊರಗೆ ಹಾಕಿಸಿದೆ. ಲೋಟ ಹೊರಗಿತ್ತು, ಬಾಗಿಯೂ ಹೊರಗಿದ್ದಳು, ಅಷ್ಟೇ ಸರ್. ಇದು ಬರೀ ಹೊಟ್ಟೆಕಿಚ್ಚು, ಇಲಾಖೆಯ ನಿಯಮದಲ್ಲಿ ಇದಕ್ಕೆ ಶಿಕ್ಷೆ ಇಲ್ಲ."

ಮೊದಲು ನಕ್ಕದ್ದು ಕೊಪ್ಪಳದ ಹುಡುಗ. ಆಮೇಲೆ ಎರಡೂ ವಿಭಾಗ. ಆಮೇಲೆ ಅಧಿಕಾರಿಗಳು. ವಿನಯಾ ಟೀಚರು ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕರು. ಮಾಸ್ಟರಿಗೆ ಅವಮಾನದ ಒಳಗೇ ಒಂದು ನಿರಾಳ ಕಂಡಿತು. ತಾರತಮ್ಯ ಮಾಡುವವ ಎನಿಸಿಕೊಳ್ಳುವುದಕ್ಕಿಂತ ಹೊಟ್ಟೆಕಿಚ್ಚಿನವ ಎನಿಸಿಕೊಳ್ಳುವುದು ಎಷ್ಟೋ ಮೇಲು. ಬಚಾವಾದೆ ಎಂದು ಅವರು ಕೂರಲು ಹೊರಟರು.

"ಸರ್," ಎಂದಳು ಅನಿಷಾ. ಈಗ ಪುಸ್ತಕದ ಕನ್ನಡ ಬಿಟ್ಟಿದ್ದಳು. "ಅಜ್ಜಿ ಹತ್ರ ನಾ ಕೇಂಡಿದೆ ಸರ್. ಅದ್ಕಿಂತ ಮುಂಚೆ ಅಲ್ಲಿ ಒಂದ್ ಅಲ್ಯೂಮಿನಿಯಂ ಲೋಟ ಇದ್ದಿತಂಬ್ರ್. ಅದ್ ತೂತ ಆದ್ಮೇಲೆ ಇದ್ ಬಂದದಂಬ್ರ್."

ಯಾರೂ ನಗಲಿಲ್ಲ.

"ಆ ಲೋಟದ್ ಮೇಲೆ ಯಾರ್ ಹೆಸ್ರೂ ಇರ್ಲಿಲ್ಲಂಬ್ರ್ ಸರ್," ಎಂದು ಅವಳು ಸೇರಿಸಿದಳು.

ಮಾಸ್ಟರು ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ನಡುವೆ ಎಲ್ಲೋ ಬಗ್ಗಿಕೊಂಡು ಉಳಿದರು. ಅಲ್ಯೂಮಿನಿಯಂ ಲೋಟ. ಅಂಚಿನಲ್ಲಿ ನೆಗ್ಗಿದ್ದು. ಅಮ್ಮ ಇದ್ದಾಗಿನಿಂದ ಅದು ಅಲ್ಲೇ ಇತ್ತು. ಚಿಕ್ಕವರಿದ್ದಾಗ ಅದರಲ್ಲಿ ಮಣ್ಣು ತುಂಬಿ ಆಡಿ ಬೈಸಿಕೊಂಡದ್ದು ಈಗ ನೆನಪಾಯಿತು. ಮಣ್ಣು ತುಂಬಿದ್ದಕ್ಕೆ ಅಮ್ಮ ಬೈದಿರಲಿಲ್ಲ. ಅದನ್ನು ಮುಟ್ಟಿದ್ದಕ್ಕೆ ಬೈದಿದ್ದಳು.

"ನಂಗ್ ಒಳ್ಗಿನ ಲೋಟ ಕೊಟ್ರ್ ಸರ್, ಬೆಲ್ಲನೂ ಕೊಟ್ರ್," ಎಂದಳು ಅನಿಷಾ. "ಅಜ್ಜಿಗ್ ಹೊರ್ಗಿನ ಲೋಟ. ನಾವಿಬ್ರೂ ಒಂದೇ ಮನಿಯೋರ್. ಇದ್ನ ಚಾರ್ಟಂಗೆ ಯಾವ ಕಾಲಮಿಗೆ ಹಾಕುದ್ ಅಂತ ಗೊತ್ತಾಯ್ಲಿಲ್ಲೆ ಸರ್."

ಮಾಸ್ಟರಿಗೂ ಗೊತ್ತಾಗಲಿಲ್ಲ. "ಹಾಕು," ಎಂದರು ಕೊನೆಗೆ. "ಎರಡು ಕಾಲಮಿಗೂ ಹಾಕು. ಬಿಳಿ ಕಾಗದ ಕಿತ್ತು ತೆಗಿ, ನನ್ನ ಹೆಸರೂ ಬರಿ."

ಅಷ್ಟರಲ್ಲಿ ಶಾಲೆಯ ಸಹಾಯಕ ಚಹಾ ತಂದ. ಅಧಿಕಾರಿಗಳಿಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಕೆಳಗೊಂದು ಬಸಿ. ಶಿಕ್ಷಕರಿಗೆ ಸ್ಟೀಲ್ ಲೋಟ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಡುಗೆಯವರಿಗೆ ಪ್ಲಾಸ್ಟಿಕ್ಕಿನದು. ಅನಿಷಾ ಪೆನ್ನು ತೆಗೆದಳು. ನಲವತ್ತೇಳನೆಯ ಮನೆ ಎಂದು ಬರೆಯುವುದು ಎಲ್ಲರಿಗೂ ಕಾಣಿಸಿತು. ಅಧಿಕಾರಿಗಳು ತುಟಿಗೆ ಮುಟ್ಟಿಸಿದ ಕಪ್ಪನ್ನು ಗಡಬಡಿಸಿ ಕೆಳಗಿಟ್ಟು, "ನನಗೂ ಸ್ಟೀಲಿನದೇ ಕೊಡಪ್ಪ, ಅವರಿಗೂ ಕೊಡು," ಎಂದರು. ಅನಿಷಾ ಅದನ್ನೂ ಬರೆದುಕೊಂಡಳು.

ಕುಂದಾಪುರಕ್ಕೆ ಹೋದದ್ದು ಲೋಟ ಸಮೀಕ್ಷೆಯೇ. ಆದರೆ ಪಾಠ ಮಾಡಿದವಳು ಅನಿಷಾ, ನಡೆಸಿಕೊಟ್ಟವರು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಬಂದ ವಿನಯಾ ಟೀಚರು. ಮಾಸ್ಟರಿಗೆ ಕೊಟ್ಟ ಕೆಲಸ ಒಂದೇ. ಅನಿಷಾ ಸನ್ನೆ ಮಾಡಿದಾಗ ಸಭೆಯಲ್ಲಿ ಎದ್ದು ನಿಂತು, "ನಾನು ಹದಿನೇಳನೆಯ ಮನೆ," ಎನ್ನಬೇಕು. ಅಂದರು. ಆಮೇಲೆ ಮೊಮ್ಮಗಳ ಜೊತೆ ಬಂದಿದ್ದ ಬಾಗಿ ವೇದಿಕೆ ಹತ್ತಿ ಮೈಕು ಹಿಡಿದಳು. "ಎಂತ ಹೇಳುದ್ ಮಕ್ಕಳೇ? ಮೊದ್ಲ್ ಬರೀ ಬಾಗಿ ಆಯಿದ್ದೆ. ಈಗ ಬಾಗಿಯಮ್ಮ ಅಂತ್ರ್. ಮೀನಿನ್ ರೇಟ್ ಮಾತ್ರ ಮೊದ್ಲಿನಂಗೇ ಜಗ್ಗಿ ಜಗ್ಗಿ ಕೇಂತ್ರ್," ಎಂದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮಾಸ್ಟರೂ ತಟ್ಟಿದರು. ತಟ್ಟುತ್ತಲೇ ಎದೆಯೊಳಗೆ ಹಳೆಯ ಸೌದೆ ಸಣ್ಣಗೆ ಹೊಗೆಯಾಡಿತು. ಇಪ್ಪತ್ತನಾಲ್ಕು ವರ್ಷ ಪಾಠ ಮಾಡಿದವರಿಗೆ ಸಿಗದ ಚಪ್ಪಾಳೆ ಬಾಗಿಗೆ ಒಂದೇ ನಿಮಿಷಕ್ಕೆ! ಹೊರಗೆ ಬರುವಾಗ ವಿನಯಾ ಟೀಚರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರ್, ಆವತ್ತು ಸಂಜೆ ಮನೆಗೆ ಹೋದವಳೇ ನಮ್ಮ ಹಿಂದಿನ ಬಾಗಿಲ ಹತ್ತಿರ ಲೋಟ ಇದೆಯಾ ಅಂತ ಹೋಗಿ ನೋಡಿದೆ," ಎಂದರು. ಏನು ಕಂಡಿತು ಎಂದು ಹೇಳಲಿಲ್ಲ. ಮಾಸ್ಟರು ಅವರ ಬಗ್ಗೆ ಅಸೂಯೆ ಇಲ್ಲದೆ ಕಳೆದ ಮೊದಲ ಹತ್ತು ನಿಮಿಷ ಅದು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಬಾಗಿ ಕುರ್ಚಿಯ ಮೇಲೆ ಕೂತಿದ್ದಳು. ಸೋಫಾ ಬೇಡವೇ ಬೇಡ ಎಂದು ಅವಳೇ ಹೇಳಿದ್ದಳು, ಅದರ ಮೇಲೆ ಕೂತರೆ ಏಳಲಾಗುವುದಿಲ್ಲವಂತೆ. ಜಲಜ ಮನೆಯ ಲೋಟದಲ್ಲಿ ಅವಳಿಗೆ ಬೆಲ್ಲ ನೀರು ಕೊಟ್ಟಳು. ಗಂಡನ ಮುಂದೆ ಕಾಫಿ ತಂದಿಟ್ಟಳು.

ಮಾಸ್ಟರು ಕಾಫಿ ಎತ್ತಿಕೊಂಡರು. ಲೋಟದ ಹೊಟ್ಟೆಯ ಮೇಲೆ, ನಾಲ್ಕು ವರ್ಷದ ಬಿಸಿಲು ಮಳೆಗೂ ಮಾಸದೆ, ಅಕ್ಷರಗಳು ಹೊಳೆಯುತ್ತಿದ್ದವು: 'ವಿನಯಾ - ರತೀಶ್'.

"ಎಂತ ಇದು?"

"ಹೊರ್ಗ್ ಇಡೂಕಿಲ್ಲೆ ಅಂದ್ರಲೆ," ಎಂದಳು ಜಲಜ. "ಒಳ್ಗೆ ಯಾರಾರು ಕುಡೀಕಲ್ದಾ?"

ಮಾಸ್ಟರು ಬಾಗಿಯ ಕಡೆ ನೋಡಿದರು. ಬಾಗಿ ಅವರ ಕೈಯ ಲೋಟವನ್ನೇ ನೋಡುತ್ತಿದ್ದಳು. ಆ ನೋಟದ ಪರಿಚಯ ಮಾಸ್ಟರಿಗೆ ಚೆನ್ನಾಗಿತ್ತು.

"ಅದ್ ನನ್ ಲೋಟ ಆಯಿತ್ತ್ ಮಾಷ್ಟ್ರೆ," ಎಂದಳು. "ಅದ್ರಂಗೆ ನೀರ್ ಭಾರೀ ತಂಪ್ ಇರತ್ತ್. ಇರ್ಲಿ, ನಿಮ್ಗೆ ಆಯ್ಲಿ. ಕಚ್ಚಿ ಕುಡೀನಿ."